ಎಸೆಯುತ್ತಲೇ ಬೆಳೆಯುವ ನಕ್ಷತ್ರಗಳು

ಸೂರ್ಯನ ನೂರು ಪಟ್ಟು ತೂಗುವ ನಕ್ಷತ್ರ ಹುಟ್ಟಲು ಸಾಧ್ಯವೇ ಇಲ್ಲ ಎಂದು ಲೆಕ್ಕ ಹೇಳುತ್ತಿದ್ದ ಕಾಲವೊಂದಿತ್ತು. 1974ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಫ್ರಾನ್ಜ್ ಕಾನ್ ಮಾಡಿದ ಲೆಕ್ಕ ಅದು. ನಕ್ಷತ್ರ ಬೆಳೆಯಬೇಕಾದರೆ ಸುತ್ತಲಿನ ಅನಿಲ ಅದರ ಮೇಲೆ ಬೀಳುತ್ತಲೇ ಇರಬೇಕು. ಬಿದ್ದಷ್ಟೂ ತೂಕ ಏರುತ್ತದೆ. ತೂಕ ಏರಿದಂತೆ ಬೆಳಕು ಇನ್ನೂ ಜೋರಾಗಿ ಏರುತ್ತದೆ. ಸೂರ್ಯನ ಇಪ್ಪತ್ತು ಪಟ್ಟು ದ್ರವ್ಯರಾಶಿಯ ನಕ್ಷತ್ರ ಸೂರ್ಯನ ಹತ್ತಾರು ಸಾವಿರ ಪಟ್ಟು ಬೆಳಗುತ್ತದೆ. ಬೆಳಕಿಗೆ ತಳ್ಳುವ ಬಲವಿದೆ. ಬೀಳುವ ಅನಿಲದಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಧೂಳು ಬೆರೆತಿರುತ್ತದೆ. ಈ ಧೂಳಿನ ಕಣಗಳು ಬೆಳಕನ್ನು ಹೀರಿಕೊಂಡು ಹೊರಕ್ಕೆ ಸರಿಯುತ್ತವೆ, ತಮ್ಮ ಜೊತೆ ಅನಿಲವನ್ನೂ ಎಳೆದೊಯ್ಯುತ್ತವೆ. ಸುಮಾರು 40 ಸೂರ್ಯರ ತೂಕ ಮುಟ್ಟುವ ಹೊತ್ತಿಗೆ ಒಳಕ್ಕೆ ಸೆಳೆಯುವ ಗುರುತ್ವದ ಮೇಲೆ ಹೊರಕ್ಕೆ ನೂಕುವ ಬೆಳಕು ಮೇಲುಗೈ ಸಾಧಿಸುತ್ತದೆ, ಬೆಳವಣಿಗೆ ಅಲ್ಲಿಗೇ ನಿಲ್ಲಬೇಕು ಎಂದಿತು ಕಾನ್ ಅವರ ಗಣಿತ.

ಆಕಾಶದಲ್ಲಿ ಇರುವುದೇ ಬೇರೆ. ನಮ್ಮ ನೆರೆಯ ಗೆಲಾಕ್ಸಿಯಾದ ದೊಡ್ಡ ಮೆಜೆಲಾನಿಕ್ ಮೋಡದಲ್ಲಿರುವ ಆರ್136ಎ1 ಎಂಬ ನಕ್ಷತ್ರದ ದ್ರವ್ಯರಾಶಿ ಸೂರ್ಯನ 150ರಿಂದ 230 ಪಟ್ಟಿನ ನಡುವೆ ಇದೆ. ನಮ್ಮ ಆಕಾಶಗಂಗೆಯಲ್ಲೂ 40ರ ಗಡಿ ದಾಟಿದ ನಕ್ಷತ್ರಗಳು ಬೇಕಾದಷ್ಟಿವೆ. ಲೆಕ್ಕದಲ್ಲಿ ಯಾವುದೋ ಒಂದು ಅಂಶ ಬಿಟ್ಟುಹೋಗಿತ್ತು. ಅದು ಏನೆಂದು ಹುಡುಕಲು ಹೊರಟವರಿಗೆ ಸಿಕ್ಕಿದ ಉತ್ತರವೇ ಈ ಅಧ್ಯಾಯದ ವಿಷಯ: ಎಳೆಯ ಭಾರೀ ನಕ್ಷತ್ರ ತಾನು ಸೆಳೆದದ್ದರಲ್ಲಿ ಒಂದು ಪಾಲನ್ನು ಮಹಾವೇಗದಲ್ಲಿ ಹೊರಕ್ಕೆ ಎಸೆಯುತ್ತದೆ. ಈ ಎಸೆತವನ್ನು ಬಹುಕಾಲ ಹುಟ್ಟಿನ ಹೊತ್ತಿನ ಒಂದು ಅವಾಂತರವೆಂದೇ ನೋಡಲಾಗುತ್ತಿತ್ತು. ನನ್ನ ಮಟ್ಟಿಗೆ ಅದು ಹುಟ್ಟಿನ ಷರತ್ತು. ಎಸೆಯದಿದ್ದರೆ ನಕ್ಷತ್ರಕ್ಕೆ ಸೆಳೆಯಲೂ ಆಗುವುದಿಲ್ಲ.

ಮೊದಲು ಸೂರ್ಯನಂಥ ಸಾಧಾರಣ ನಕ್ಷತ್ರಕ್ಕೂ ಭಾರೀ ನಕ್ಷತ್ರಕ್ಕೂ ಇರುವ ವ್ಯತ್ಯಾಸ ನೋಡೋಣ. ಸೂರ್ಯ ತನಗೆ ಬೇಕಾದ ಅನಿಲವನ್ನೆಲ್ಲ ಮೊದಲು ಕೂಡಿಸಿಕೊಂಡ. ಆಮೇಲೆ ಕೋಟಿಗಟ್ಟಲೆ ವರ್ಷ ನಿಧಾನವಾಗಿ ಕುಗ್ಗುತ್ತ ಕಾದ. ಒಡಲು ಸಾಕಷ್ಟು ಬಿಸಿಯಾದ ಮೇಲೆ ಹೈಡ್ರೋಜನ್ ಬೆಸೆದು ಹೀಲಿಯಂ ಆಗುವ ಕ್ರಿಯೆ ಶುರುವಾಯಿತು. ಅಷ್ಟರಲ್ಲಿ ಸುತ್ತಲಿನ ಮೋಡ ಎಂದೋ ಚದುರಿಹೋಗಿತ್ತು. ಭಾರೀ ನಕ್ಷತ್ರಕ್ಕೆ ಇಷ್ಟು ಪುರುಸೊತ್ತಿಲ್ಲ. ಅದು ಹುಟ್ಟಿ ಬೆಳೆಯುವುದೆಲ್ಲ ಒಂದು ಲಕ್ಷ ವರ್ಷದ ಆಸುಪಾಸಿನಲ್ಲಿ ಮುಗಿದುಬಿಡುತ್ತದೆ. ಅನಿಲ ಇನ್ನೂ ಸುರಿಯುತ್ತಿರುವಾಗಲೇ ಒಳಗೆ ಪರಮಾಣು ಬೆಸುಗೆ ಹೊತ್ತಿಕೊಂಡಿರುತ್ತದೆ. ಉರಿಯುತ್ತಲೇ ಬೆಳೆಯಬೇಕು, ತನ್ನದೇ ಬೆಳಕಿನ ವಿರುದ್ಧ ಈಜುತ್ತ ಬೆಳೆಯಬೇಕು.

ಈ ಬೆಳವಣಿಗೆಯ ಕಚ್ಚಾ ಸರಕು ಅಣುಮೋಡ. ಅದರ ಉಷ್ಣತೆ ನಿರಪೇಕ್ಷ ಶೂನ್ಯಕ್ಕಿಂತ ಹತ್ತಿಪ್ಪತ್ತು ಡಿಗ್ರಿ ಮೇಲೆ, ಅಂದರೆ ಸೊನ್ನೆಗಿಂತ 250 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ. ಒಂದು ಘನ ಸೆಂಟಿಮೀಟರಿನಲ್ಲಿ ಕೆಲವು ನೂರು ಅಣುಗಳು. ದಟ್ಟವಾದ ತಿರುಳಿನಲ್ಲಿ ಲಕ್ಷ, ಹತ್ತು ಲಕ್ಷ. ನಾವು ಪ್ರಯೋಗಾಲಯದಲ್ಲಿ ನಿರ್ವಾತ ಎಂದು ಕರೆಯುವುದು ಇದಕ್ಕಿಂತ ಎಷ್ಟೋ ಪಾಲು ದಟ್ಟ. ಆದರೂ ಮೋಡದ ವಿಸ್ತಾರ ಎಷ್ಟೆಂದರೆ ಒಟ್ಟು ತೂಕ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಸೂರ್ಯರಷ್ಟಾಗುತ್ತದೆ. ದಟ್ಟ ತಿರುಳು ತನ್ನ ಭಾರಕ್ಕೆ ತಾನೇ ಕುಸಿಯತೊಡಗಿದಾಗ ನಡುವೆ ಒಂದು ಬಿಸಿ ಬಿಂದು ಕೂಡಿಕೊಳ್ಳುತ್ತದೆ. ಅದೇ ನಕ್ಷತ್ರದ ಮೊಳಕೆ.

ಆ ಮೊಳಕೆಗೆ ಅನಿಲ ಒದಗುವ ವೇಗ ಬೆರಗು ಹುಟ್ಟಿಸುವಂಥದು. ವರ್ಷಕ್ಕೆ ಸೂರ್ಯನ ಹತ್ತು ಸಾವಿರದ ಒಂದು ಪಾಲಿನಿಂದ ಸಾವಿರದ ಒಂದು ಪಾಲಿನವರೆಗೆ. ಸೂರ್ಯನ ಸಾವಿರದ ಒಂದು ಪಾಲು ಎಂದರೆ ಹೆಚ್ಚು ಕಡಿಮೆ ಒಂದು ಗುರುಗ್ರಹ. ವರ್ಷಕ್ಕೊಂದು ಗುರುಗ್ರಹ, ಸಾವಿರಾರು ವರ್ಷ ಬಿಡದೆ! ಜಪಾನಿನ ಹೊಸೊಕಾವಾ ಮತ್ತು ಒಮುಕಾಯಿ 2009ರಲ್ಲಿ ತೋರಿಸಿದ ಪ್ರಕಾರ, ಈ ವೇಗದಲ್ಲಿ ಅನಿಲ ಸುರಿದರೆ ಎಳೆಯ ನಕ್ಷತ್ರ ಬಿಸಿಯನ್ನು ಹೊರಹಾಕಲಾರದೆ ಉಬ್ಬಿಕೊಳ್ಳುತ್ತದೆ. ಅದರ ತ್ರಿಜ್ಯ ಸೂರ್ಯನ ನೂರು ಪಟ್ಟನ್ನೂ ಮೀರುತ್ತದೆ. ಉಬ್ಬಿದ ಮೈಯ ಮೇಲ್ಮೈ ಅಷ್ಟು ಬಿಸಿ ಇರುವುದಿಲ್ಲವಾದ್ದರಿಂದ ಸುತ್ತಲಿನ ಅನಿಲವನ್ನು ಅಯಾನುಗಳಾಗಿ ಒಡೆಯುವ ನೇರಳಾತೀತ ಬೆಳಕು ಆ ಹಂತದಲ್ಲಿ ಕಡಿಮೆ. ಇದೂ ಬೆಳವಣಿಗೆಗೆ ಒದಗಿಬರುವ ಅನುಕೂಲವೇ.

ಇದನ್ನೆಲ್ಲ ಕಣ್ಣಾರೆ ನೋಡುವುದು ಕಷ್ಟ. ಭಾರೀ ನಕ್ಷತ್ರಗಳು ಅಪರೂಪ; ಹುಟ್ಟುವ ನೂರು ನಕ್ಷತ್ರಗಳಲ್ಲಿ ಸೂರ್ಯನ ಎಂಟು ಪಟ್ಟಿಗಿಂತ ಭಾರದ್ದು ಒಂದು ಸಿಕ್ಕರೆ ಹೆಚ್ಚು. ಅಪರೂಪವಾದ್ದರಿಂದ ನಮ್ಮಿಂದ ದೂರ. ಹುಟ್ಟುವ ಕಾಲವೂ ಚಿಕ್ಕದು. ಮೇಲಾಗಿ ಅವು ಹುಟ್ಟುವುದು ಧೂಳಿನ ಮರೆಯಲ್ಲಿ, ಕಣ್ಣಿಗೆ ಕಾಣುವ ಬೆಳಕು ಒಂದಿಷ್ಟೂ ಹೊರಬಾರದ ಜಾಗದಲ್ಲಿ. 1967ರಲ್ಲಿ ಎರಿಕ್ ಬೆಕ್ಲಿನ್ ಮತ್ತು ಗೆರ್ರಿ ನ್ಯೂಗೆಬಾವರ್ ಒರಾಯನ್ ನೀಹಾರಿಕೆಯ ದಿಕ್ಕಿನಲ್ಲಿ, ಸಾಮಾನ್ಯ ಛಾಯಾಚಿತ್ರದಲ್ಲಿ ಏನೂ ಕಾಣದ ಕಡೆ, ಅವಕೆಂಪು ಬೆಳಕಿನಲ್ಲಿ ಪ್ರಖರವಾಗಿ ಬೆಳಗುವ ಬಿಂದುವೊಂದನ್ನು ಪ್ರಕಟಿಸಿದರು. ಧೂಳು ಹೀರಿದ ಬೆಳಕು ಶಾಖವಾಗಿ, ಅವಕೆಂಪಾಗಿ ಹೊರಬರುತ್ತದೆ. ಅಲ್ಲಿಂದ ಮುಂದೆ ಈ ಶೋಧವೆಲ್ಲ ನಡೆದದ್ದು ಅವಕೆಂಪು ಮತ್ತು ರೇಡಿಯೊ ಅಲೆಗಳ ಬೆಂಬಲದಿಂದ.

ಈಗ ಕಾನ್ ಅವರ ಲೆಕ್ಕಕ್ಕೆ ಮರಳೋಣ. ಅದರಲ್ಲಿ ಅನಿಲ ಎಲ್ಲ ದಿಕ್ಕಿನಿಂದ ಸಮನಾಗಿ ಬೀಳುತ್ತದೆ, ಬೆಳಕು ಎಲ್ಲ ದಿಕ್ಕಿಗೆ ಸಮನಾಗಿ ತಳ್ಳುತ್ತದೆ. ಆದರೆ ಯಾವ ಮೋಡವೂ ಕದಲದೆ ನಿಂತಿರುವುದಿಲ್ಲ. ತುಸುವಾದರೂ ಸುತ್ತುತ್ತಿರುತ್ತದೆ. ಕುಸಿದಂತೆ ಆ ಸುತ್ತು ವೇಗ ಪಡೆಯುತ್ತದೆ, ಅನಿಲ ನೇರ ನಡುವಿಗೆ ಬೀಳಲಾರದೆ ತಟ್ಟೆಯ ಆಕಾರದಲ್ಲಿ ಹರಡಿಕೊಳ್ಳುತ್ತದೆ. ಈ ಸಂಚಯನ ತಟ್ಟೆ ಇಡೀ ಸಮಸ್ಯೆಯ ಸ್ವರೂಪವನ್ನೇ ಬದಲಾಯಿಸುತ್ತದೆ. ತಟ್ಟೆ ದಟ್ಟ, ಬೆಳಕು ಅದರೊಳಗೆ ನುಗ್ಗಲಾರದು. ತಟ್ಟೆಯ ಮೇಲೂ ಕೆಳಗೂ, ಧ್ರುವಗಳ ಕಡೆ, ಅನಿಲ ತೆಳು. ಹಳೆಯ ಅಡುಗೆಮನೆಯಲ್ಲಿ ಒಲೆಯ ಹೊಗೆ ಗೋಡೆಯನ್ನು ತಳ್ಳುತ್ತ ಕೂರದೆ ಹೊಗೆಗೂಡಿನ ದಾರಿ ಹಿಡಿಯುವಂತೆ, ನಕ್ಷತ್ರದ ಬೆಳಕೂ ತೆಳುವಾದ ಕಡೆಯಿಂದ ಹೊರಟುಹೋಗುತ್ತದೆ. ಆಗ ತಟ್ಟೆಯ ಮಟ್ಟದಲ್ಲಿ ಅನಿಲ ನಿರಾತಂಕವಾಗಿ ಒಳಬರಬಹುದು.

ಹೆರಾಲ್ಡ್ ಯಾರ್ಕ್ ಮತ್ತು ಸೊನ್‌ಹಾಲ್ಟರ್ 2002ರಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದರು. ಮಾರ್ಕ್ ಕ್ರಮ್‌ಹೋಲ್ಜ್ ಮತ್ತು ಸಂಗಡಿಗರು 2009ರಲ್ಲಿ ಮೂರು ಆಯಾಮಗಳಲ್ಲಿ ಮಾಡಿದ ಲೆಕ್ಕದಲ್ಲಿ ನೂರು ಸೂರ್ಯರ ತೂಕದ ತಿರುಳೊಂದು ಕುಸಿದು, 41.5 ಮತ್ತು 29.2 ಸೂರ್ಯರ ತೂಕದ ಜೋಡಿ ನಕ್ಷತ್ರಗಳಾದವು. ಮರುವರ್ಷ ರಾಲ್ಫ್ ಕೈಪರ್ ತಂಡ ನಕ್ಷತ್ರದ ತೀರಾ ಹತ್ತಿರ, ಸುಮಾರು 1,500 ಕೆಲ್ವಿನ್‌ನಲ್ಲಿ ಧೂಳು ಆವಿಯಾಗುವ ಅಂಚನ್ನು ಕೂಡ ಬಿಡಿಸಿ ಲೆಕ್ಕ ಹಾಕಿತು; ನೂರರ ಗಡಿ ಮೀರಿದ ನಕ್ಷತ್ರವೂ ಬೆಳೆಯಿತು. ಹಾಗಾದರೆ ಸಮಸ್ಯೆ ಬಗೆಹರಿಯಿತೇ? ಅರ್ಧ ಮಾತ್ರ.

ಉಳಿದರ್ಧ ತಟ್ಟೆಯೊಳಗೇ ಇದೆ. ತಟ್ಟೆಯಲ್ಲಿ ಸುತ್ತುವ ಅನಿಲ ಸುಮ್ಮನೆ ಸುತ್ತುತ್ತಲೇ ಇರುತ್ತದೆ, ಭೂಮಿ ಸೂರ್ಯನನ್ನು ಸುತ್ತುವ ಹಾಗೆ. ಅದು ನಕ್ಷತ್ರದ ಮೇಲೆ ಬೀಳಬೇಕಾದರೆ ತನ್ನ ಕೋನೀಯ ಸಂವೇಗವನ್ನು, ಅಂದರೆ ತನ್ನ ಸುತ್ತನ್ನು, ಯಾರಿಗಾದರೂ ಒಪ್ಪಿಸಬೇಕು. ಇಲ್ಲಿಗೆ ಎಸೆತದ ಪಾತ್ರ ಬರುತ್ತದೆ. ಮೋಡದಲ್ಲಿದ್ದ ಕಾಂತಕ್ಷೇತ್ರ ಕುಸಿತದೊಂದಿಗೆ ತಟ್ಟೆಗೂ ಬಂದಿರುತ್ತದೆ. ತಟ್ಟೆಯಲ್ಲಿ ಬೇರುಬಿಟ್ಟ ಕಾಂತರೇಖೆಗಳು ಅದರೊಂದಿಗೆ ಸುತ್ತುತ್ತವೆ. ಹೊರಕ್ಕೆ ಬಾಗಿದ ರೇಖೆಗಳ ಗುಂಟ ಒಂದಿಷ್ಟು ಅನಿಲ ಜಾರಿ, ವೇಗ ಪಡೆದು, ದೂರಕ್ಕೆ ಚಿಮ್ಮುತ್ತದೆ. ರೋಜರ್ ಬ್ಲಾಂಡ್‌ಫರ್ಡ್ ಮತ್ತು ಡೇವಿಡ್ ಪೇನ್ 1982ರಲ್ಲಿ ಕಪ್ಪುರಂಧ್ರಗಳ ತಟ್ಟೆಗಳಿಗಾಗಿ ಈ ವಿವರಣೆ ಕೊಟ್ಟರು, ಎಳೆಯ ನಕ್ಷತ್ರಗಳಿಗೂ ಅದು ಹೊಂದಿಕೆಯಾಯಿತು. ಚಿಮ್ಮುವ ಅನಿಲ ತನ್ನ ಪಾಲಿಗಿಂತ ಹೆಚ್ಚಿನ ಸುತ್ತನ್ನು ಹೊತ್ತೊಯ್ಯುತ್ತದೆ. ಹಾಗೆ ಹಗುರಾದ ಉಳಿದ ಅನಿಲ ಒಳಕ್ಕೆ ಇಳಿಯುತ್ತದೆ. ಜೊತೆಗೆ ಈ ಧಾರೆಗಳು ಧ್ರುವಗಳ ಕಡೆ ಮೋಡವನ್ನು ಸೀಳಿ ಪೊಳ್ಳು ಮಾಡುವುದರಿಂದ ಬೆಳಕು ಹೊರಬೀಳುವ ದಾರಿಯೂ ಅಗಲವಾಗುತ್ತದೆ. ಒಂದೇ ಎಸೆತದಿಂದ ಎರಡು ಅಡ್ಡಿ ಪರಿಹಾರ.

ಕಾಗದದ ಮೇಲಿನ ಈ ಮಾತಿಗೆ ಸಾಕ್ಷಿ ಒರಾಯನ್‌ನಲ್ಲೇ ಸಿಕ್ಕಿತು. ಬೆಕ್ಲಿನ್ ಕಂಡ ಬಿಂದುವಿನ ಪಕ್ಕದಲ್ಲೇ ‘ಸೋರ್ಸ್ ಐ’ ಎಂಬ ಎಳೆಯ ನಕ್ಷತ್ರವಿದೆ. ನಮ್ಮಿಂದ ಸುಮಾರು 1,350 ಜ್ಯೋತಿರ್ವರ್ಷ ದೂರ, ಸೂರ್ಯನ ಸುಮಾರು 15 ಪಟ್ಟು ತೂಕ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ, ಐದು ಸಾವಿರ ಮೀಟರ್ ಎತ್ತರದಲ್ಲಿರುವ ‘ಅಲ್ಮಾ’ ಎಂಬ ರೇಡಿಯೊ ದೂರದರ್ಶಕಗಳ ಸಮೂಹದಿಂದ ತೊಮೊಯಾ ಹಿರೋತಾ ಮತ್ತು ಸಂಗಡಿಗರು ಇದನ್ನು ನೋಡಿ 2017ರಲ್ಲಿ ಪ್ರಕಟಿಸಿದರು. ತಟ್ಟೆ ಯಾವ ದಿಕ್ಕಿಗೆ ಸುತ್ತುತ್ತಿದೆಯೋ ಹೊರಚಿಮ್ಮುವ ಅನಿಲವೂ ಅದೇ ದಿಕ್ಕಿಗೆ ಸುತ್ತುತ್ತ ಹೋಗುತ್ತಿತ್ತು. ಸುತ್ತನ್ನು ಹೊತ್ತೊಯ್ಯುವ ಕೆಲಸ ಕಣ್ಣೆದುರಿಗೆ ನಡೆದಿತ್ತು.

ಇದೇ ಸೋರ್ಸ್ ಐ ಸುತ್ತ 2019ರಲ್ಲಿ ಆಡಂ ಗಿನ್ಸ್‌ಬರ್ಗ್ ತಂಡಕ್ಕೆ ಉಪ್ಪು ಸಿಕ್ಕಿತು. ನಾವು ಸಾರಿಗೆ ಹಾಕುವ ಸೋಡಿಯಂ ಕ್ಲೋರೈಡ್, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್. ಭೂಮಿಯ ಸಾಗರಗಳ ಒಟ್ಟು ತೂಕಕ್ಕೆ ಸರಿಗಟ್ಟುವಷ್ಟು ಉಪ್ಪಿರಬಹುದೆಂಬ ಅಂದಾಜು. ಓದಲು ಮೋಜಿನ ಸುದ್ದಿಯಂತೆ ಕಂಡರೂ ಇದರ ಉಪಯೋಗ ದೊಡ್ಡದು. ಉಳಿದ ಅಣುಗಳು ತಟ್ಟೆಯಲ್ಲೂ ಇವೆ, ಹೊರಚಿಮ್ಮುವ ಅನಿಲದಲ್ಲೂ ಇವೆ, ಸುತ್ತಲಿನ ಮೋಡದಲ್ಲೂ ಇವೆ. ಅವುಗಳ ಸಂಕೇತಗಳು ಒಂದರೊಳಗೊಂದು ಕಲೆತು ಗೋಜಲಾಗುತ್ತವೆ. ಉಪ್ಪು ಮಾತ್ರ ತಟ್ಟೆಯ ಬಿಸಿ ಭಾಗಕ್ಕೆ ಅಂಟಿಕೊಂಡಿದೆ. ಅದರ ರೇಡಿಯೊ ಗೆರೆಗಳನ್ನು ಹಿಡಿದರೆ ತಟ್ಟೆ ಎಷ್ಟು ವೇಗವಾಗಿ ಸುತ್ತುತ್ತಿದೆ ಎಂಬುದು ಶುದ್ಧವಾಗಿ ಸಿಗುತ್ತದೆ, ವೇಗದಿಂದ ನಡುವಿನ ನಕ್ಷತ್ರದ ತೂಕ ಸಿಗುತ್ತದೆ. ಕಾಣದ ನಕ್ಷತ್ರವನ್ನು ಉಪ್ಪಿನ ಸುತ್ತಾಟದಿಂದ ತೂಗುವ ಈ ಉಪಾಯ ನನಗೆ ತುಂಬ ಮೆಚ್ಚುಗೆಯಾದದ್ದು.

ಆದರೂ ಸೆಳೆತ ಮತ್ತು ಎಸೆತ ಎರಡನ್ನೂ ಒಂದಕ್ಕೊಂದು ಗಂಟುಹಾಕಿ ತೋರಿಸಿದ ಘಟನೆ ಬೇರೆ. ಒರಾಯನ್ ಪುಂಜದ ಉತ್ತರದಂಚಿನಲ್ಲಿ, ಮಿಥುನದ ಗಡಿಯ ಬಳಿ, ಆದರೆ ಒರಾಯನ್ ನೀಹಾರಿಕೆಗಿಂತ ಬಹಳ ಹಿಂದೆ, ಸುಮಾರು 5,800 ಜ್ಯೋತಿರ್ವರ್ಷ ದೂರದಲ್ಲಿ ಎಸ್255ಐಆರ್ ಎಂಬ ನಕ್ಷತ್ರಗಳ ತೊಟ್ಟಿಲಿದೆ. ಅಲ್ಲಿನ ‘ನಿರ್ಸ್3’ ಸೂರ್ಯನ ಸುಮಾರು 20 ಪಟ್ಟು ತೂಕದ ಎಳೆಯ ನಕ್ಷತ್ರ. 2015ರ ನವೆಂಬರಿನಲ್ಲಿ ಜಪಾನಿನ ಖಗೋಳಜ್ಞರಿಂದ ಒಂದು ಸುದ್ದಿ ಬಂತು: ಆ ದಿಕ್ಕಿನ ಮೆಥನಾಲ್ ಮೇಸರ್ ಇದ್ದಕ್ಕಿದ್ದಂತೆ ಪ್ರಖರವಾಗಿದೆ.

ಮೇಸರ್ ಎಂದರೆ ಮೈಕ್ರೋವೇವ್ ಅಲೆಗಳ ಲೇಸರ್. ಧೂಳಿನ ಅವಕೆಂಪು ಬೆಳಕು ಮೆಥನಾಲ್ ಅಣುಗಳನ್ನು ಉದ್ರೇಕಿಸಿದಾಗ ಅವು 6.7 ಗಿಗಾಹರ್ಟ್ಸ್ ಆವರ್ತದಲ್ಲಿ ಒಟ್ಟಾಗಿ ಮಿನುಗುತ್ತವೆ. ಕಾರ್ಲ್ ಮೆಂಟನ್ 1991ರಲ್ಲಿ ಕಂಡುಹಿಡಿದ ಈ ಮೇಸರ್ ಭಾರೀ ಎಳೆ ನಕ್ಷತ್ರಗಳ ಸುತ್ತ ಮಾತ್ರ ಸಿಗುತ್ತದೆ. ಅದು ಪ್ರಖರವಾಯಿತೆಂದರೆ ಒಳಗಿನ ಧೂಳು ಹೆಚ್ಚು ಬಿಸಿಯಾಗಿದೆ ಎಂದರ್ಥ. ಅಲೆಸ್ಸಿಯೊ ಕರಟ್ಟಿ ಒ ಗರಟ್ಟಿ ಮತ್ತು ಸಂಗಡಿಗರು ಕೂಡಲೇ ಅವಕೆಂಪು ದೂರದರ್ಶಕಗಳನ್ನು ಅತ್ತ ತಿರುಗಿಸಿದರು. ನಕ್ಷತ್ರದ ಬೆಳಕು ಸುಮಾರು 30 ಸಾವಿರ ಸೂರ್ಯರಿಂದ 1.6 ಲಕ್ಷ ಸೂರ್ಯರ ಮಟ್ಟಕ್ಕೆ ಏರಿತ್ತು. ಸುತ್ತಲಿನ ಧೂಳಿನ ಮೇಲೆ ಆ ಬೆಳಕಿನ ಪ್ರತಿಫಲನ ಹಂತಹಂತವಾಗಿ ಹೊರಕ್ಕೆ ಸರಿಯುತ್ತಿದ್ದುದನ್ನು ಅಳೆದು, ಸ್ಫೋಟ 2015ರ ಜೂನ್ ಮಧ್ಯದಲ್ಲಿ ಶುರುವಾಗಿತ್ತೆಂದು ಹಿಂದಕ್ಕೆ ಲೆಕ್ಕ ಹಾಕಿದರು. ಸೂರ್ಯ ಒಂದು ಲಕ್ಷ ವರ್ಷದಲ್ಲಿ ಸೂಸುವಷ್ಟು ಶಕ್ತಿ ಅಲ್ಲಿ ಕೆಲವೇ ತಿಂಗಳಲ್ಲಿ ಹೊರಬಿದ್ದಿತ್ತು. ಕಾರಣ ಒಂದೇ ಇರಲು ಸಾಧ್ಯ: ತಟ್ಟೆಯಲ್ಲಿ ಗಂಟುಗಟ್ಟಿದ್ದ ಅನಿಲದ ದೊಡ್ಡ ಕವಳವೊಂದು, ಗುರುಗ್ರಹದ ಒಂದೆರಡು ಪಟ್ಟು ತೂಗುವಷ್ಟು, ಒಮ್ಮೆಗೇ ನಕ್ಷತ್ರದೊಳಕ್ಕೆ ಹೋಗಿತ್ತು.

ಅಂದರೆ ಅನಿಲ ಒಂದೇ ಸಮ ಸುರಿಯುವುದಿಲ್ಲ. ಬಹುಕಾಲ ಮಂದ, ನಡುವೆ ಹೀಗೊಂದು ಭಾರೀ ಕವಳ. ಚಿಕ್ಕ ನಕ್ಷತ್ರಗಳಲ್ಲಿ ಇಂಥ ಸ್ಫೋಟಗಳು ಮೊದಲೇ ಗೊತ್ತಿದ್ದವು. ಭಾರೀ ನಕ್ಷತ್ರಗಳೂ ತಟ್ಟೆಯ ಮೂಲಕ, ಅದೇ ಕ್ರಮದಲ್ಲಿ ಬೆಳೆಯುತ್ತವೆ ಎಂಬುದಕ್ಕೆ ಇದು ಬಲವಾದ ಪುರಾವೆಯಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಫ್ಲಾರೆನ್ಸಿನ ರಿಕಾರ್ಡೊ ಚೆಸರೋನಿ ಮತ್ತು ತಂಡದವರು ನ್ಯೂ ಮೆಕ್ಸಿಕೊದ ವೆರಿ ಲಾರ್ಜ್ ಅರೇ ಎಂಬ ರೇಡಿಯೊ ದೂರದರ್ಶಕಗಳ ಸಮೂಹ ಬಳಸಿ ಅದೇ ನಕ್ಷತ್ರವನ್ನು ರೇಡಿಯೊ ಅಲೆಗಳಲ್ಲಿ ಕಾಯುತ್ತಿದ್ದರು. ನಕ್ಷತ್ರದಿಂದ ಚಿಮ್ಮುವ ಧಾರೆ ಸುತ್ತಲಿನ ಅನಿಲಕ್ಕೆ ಅಪ್ಪಳಿಸಿ ಅಯಾನೀಕರಿಸಿದಾಗ ರೇಡಿಯೊ ಅಲೆ ಹೊರಡುತ್ತದೆ. ತಿಂಗಳುಗಟ್ಟಲೆ ಏನೂ ಬದಲಾವಣೆ ಇಲ್ಲ. 2016ರ ಜುಲೈ ದಾಟಿದ ಮೇಲೆ ರೇಡಿಯೊ ಪ್ರಖರತೆ ಏರತೊಡಗಿತು, ಏರುತ್ತಲೇ ಹೋಯಿತು. ಕವಳ ಒಳಹೋದದ್ದಕ್ಕೂ ಧಾರೆ ಚುರುಕಾದದ್ದು ಕಂಡದ್ದಕ್ಕೂ ನಡುವಿನ ಅಂತರ ಸುಮಾರು 13 ತಿಂಗಳು. ಧಾರೆಯ ವೇಗ ಸೆಕೆಂಡಿಗೆ 500 ಕಿಲೋಮೀಟರ್ ಎಂದಿಟ್ಟುಕೊಂಡರೆ 13 ತಿಂಗಳಲ್ಲಿ ಅದು ಸುಮಾರು 1,700 ಕೋಟಿ ಕಿಲೋಮೀಟರ್ ಸಾಗುತ್ತದೆ. ಸೂರ್ಯನಿಗೂ ಭೂಮಿಗೂ ಇರುವ ಅಂತರದ ನೂರು ಪಟ್ಟಿಗೂ ಮಿಗಿಲು. ಅಷ್ಟು ದೂರ ಹೋಗುವವರೆಗೆ ಅದು ನಮಗೆ ಕಾಣಿಸಿಕೊಳ್ಳುವಷ್ಟು ಬೆಳಗದಿದ್ದರೆ ಅಚ್ಚರಿಯೇನಿಲ್ಲ. ಸೆಳೆತ ಮೊದಲು, ಎಸೆತ ಆಮೇಲೆ, ಎರಡಕ್ಕೂ ಸಂಬಂಧವಿದೆ ಎಂಬುದನ್ನು ಒಂದೇ ನಕ್ಷತ್ರದಲ್ಲಿ, ತಾರೀಖು ಹಾಕಿ ಹೇಳಲು ಸಾಧ್ಯವಾಯಿತು. ಹತ್ತು ಕಂಪ್ಯೂಟರ್ ಲೆಕ್ಕಗಳಿಗಿಂತ ಈ ಒಂದು ವೀಕ್ಷಣೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಅದೇ 2015ರಲ್ಲಿ ವೃಶ್ಚಿಕ ಪುಂಜದ ಎನ್‌ಜಿಸಿ 6334 ಎಂಬ ನೀಹಾರಿಕೆಯಲ್ಲೂ ಇಂಥದೇ ಸ್ಫೋಟ ಕಂಡಿತು. ಟಾಡ್ ಹಂಟರ್ ತಂಡದ ಅಳತೆಯಂತೆ ಅಲ್ಲಿನ ಎಳೆ ನಕ್ಷತ್ರ ಸುಮಾರು 70 ಪಟ್ಟು ಪ್ರಖರವಾಗಿತ್ತು. ಆಮೇಲೆ ಹಲವು ದೇಶಗಳ ವೀಕ್ಷಕರು ಕೂಡಿ ಮೇಸರ್‌ಗಳ ಮೇಲೆ ಸದಾ ಕಣ್ಣಿಡುವ ಕೂಟ ಕಟ್ಟಿಕೊಂಡರು. 2019ರಲ್ಲಿ ಜಿ358 ಎಂಬ ಎಳೆ ನಕ್ಷತ್ರದ ಸುತ್ತ ಮೆಥನಾಲ್ ಮೇಸರ್‌ಗಳ ಉಂಗುರವೊಂದು ವಾರವಾರಕ್ಕೂ ಹಿಗ್ಗುವುದನ್ನು ಅವರು ಸೆರೆಹಿಡಿದರು. ಒಳಗಿನ ಸ್ಫೋಟದ ಶಾಖದಲೆ ಧೂಳಿನ ಮೂಲಕ ಬೆಳಕಿನ ವೇಗದ ನೂರಕ್ಕೆ 4ರಿಂದ 8 ಪಾಲು ವೇಗದಲ್ಲಿ ಹೊರಕ್ಕೆ ಹಾಯುತ್ತಿತ್ತು.

ಧಾರೆಗಳನ್ನು ಕಾಂತಕ್ಷೇತ್ರವೇ ನಡೆಸುತ್ತದೆ ಎಂಬ ಮಾತಿಗೆ ನೇರ ಪುರಾವೆ ಬಂದದ್ದು ಧನು ಪುಂಜದ ಎಚ್‌ಎಚ್ 80-81ರಿಂದ. ಅಲ್ಲಿಯ ಭಾರೀ ಎಳೆ ನಕ್ಷತ್ರದ ಧಾರೆಯಲ್ಲಿ ಅನಿಲದ ಗಂಟುಗಳು ಸೆಕೆಂಡಿಗೆ ಸಾವಿರ ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಓಡುತ್ತಿವೆ. ಕಾರಾಸ್ಕೊ ಗೊನ್ಜಾಲೆಸ್ ತಂಡ 2010ರಲ್ಲಿ ಆ ಧಾರೆಯ ರೇಡಿಯೊ ಅಲೆಗಳು ಧ್ರುವೀಕೃತವಾಗಿರುವುದನ್ನು ತೋರಿಸಿತು. ಕಾಂತಕ್ಷೇತ್ರದಲ್ಲಿ ಬೆಳಕಿನ ವೇಗದ ಸನಿಹಕ್ಕೆ ಏರಿದ ಎಲೆಕ್ಟ್ರಾನ್‌ಗಳು ಸುತ್ತುವಾಗ ಮಾತ್ರ ಹಾಗಾಗುತ್ತದೆ. ಇಂಥ ಅಲೆಗಳು ಕಡಿಮೆ ಆವರ್ತದಲ್ಲಿ ಚೆನ್ನಾಗಿ ಕೇಳುತ್ತವೆ, ಮತ್ತು ಕಡಿಮೆ ಆವರ್ತಕ್ಕೆ ಪುಣೆಯ ಬಳಿ ಖೋಡದ್‌ನಲ್ಲಿರುವ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕಗಳ ಸಮೂಹ ಜಗತ್ತಿನ ಶ್ರೇಷ್ಠ ಸಾಧನಗಳಲ್ಲಿ ಒಂದು: 45 ಮೀಟರ್ ವ್ಯಾಸದ 30 ಆಂಟೆನಾಗಳು. ತಿರುವನಂತಪುರದ ಐಐಎಸ್‌ಟಿ ಸಂಸ್ಥೆಯ ಸರಿತಾ ವಿಗ್ ಮತ್ತು ಸಂಗಡಿಗರು ಇದರ ಮೂಲಕ ಅದೇ ಧಾರೆಯನ್ನು ಅಳೆದು 2018ರಲ್ಲಿ ಫಲಿತಾಂಶ ಕೊಟ್ಟರು.

ಹೊರಕ್ಕೆ ಹಾರುವುದೆಲ್ಲ ತಟ್ಟೆಯ ಧಾರೆಯೇ ಎಂದು ತಿಳಿಯಬಾರದು. ಸೋರ್ಸ್ ಐ ಇರುವ ಒರಾಯನ್‌ನ ಅದೇ ಮೂಲೆಯಲ್ಲಿ ನಡುವಿನಿಂದ ಎಲ್ಲ ದಿಕ್ಕಿಗೂ ಬೆರಳುಗಳಂತೆ ಚಾಚಿರುವ ಅನಿಲವನ್ನು ಡೇವಿಡ್ ಅಲೆನ್ ಮತ್ತು ಮೈಕೆಲ್ ಬರ್ಟನ್ 1993ರಲ್ಲಿ ವರದಿ ಮಾಡಿದರು. ಅಲ್ಲಿ ಎಳೆಯ ನಕ್ಷತ್ರಗಳು ಒಂದರ ಹತ್ತಿರ ಒಂದು ಹಾದು, ಗುರುತ್ವದ ಸೆಣಸಾಟದಲ್ಲಿ ಪರಸ್ಪರ ಎಸೆದುಕೊಂಡಿವೆ. ಬೆಕ್ಲಿನ್ ಕಂಡ ಬಿಂದು ಮತ್ತು ಸೋರ್ಸ್ ಐ ಒಂದೇ ತಾಣದಿಂದ ದೂರ ಓಡುತ್ತಿವೆ. ಹಿಂದಕ್ಕೆ ಲೆಕ್ಕ ಹಾಕಿದರೆ ನಮಗೆ ಕಾಣುವಂತೆ ಸುಮಾರು 500 ವರ್ಷಗಳ ಹಿಂದಿನ ಘಟನೆ. ಸೂರ್ಯ ಒಂದು ಕೋಟಿ ವರ್ಷದಲ್ಲಿ ಸೂಸುವಷ್ಟು ಶಕ್ತಿ ಅಲ್ಲಿ ಬಿಡುಗಡೆಯಾಯಿತೆಂದು ಜಾನ್ ಬಾಲಿ ತಂಡದ 2017ರ ಅಂದಾಜು.

ಇಷ್ಟಾದರೂ, ನಕ್ಷತ್ರಕ್ಕೆ ಅನಿಲ ಎಲ್ಲಿಂದ ಬರುತ್ತದೆ ಎಂಬ ಒಂದು ದೊಡ್ಡ ಜಗಳ ಉಳಿದಿದೆ. ಕ್ರಿಸ್ಟೋಫರ್ ಮಕ್ಕೀ ಮತ್ತು ಜೊನಾಥನ್ ಟಾನ್ 2003ರಲ್ಲಿ ಮುಂದಿಟ್ಟ ಚಿತ್ರದಲ್ಲಿ ನಕ್ಷತ್ರಕ್ಕೆ ಬೇಕಾದ ಅನಿಲವೆಲ್ಲ ಅದರದೇ ತಿರುಳಿನಲ್ಲಿ ಮೊದಲೇ ಕೂಡಿರುತ್ತದೆ. ಇಯಾನ್ ಬೊನೆಲ್ ಮತ್ತು ಸಂಗಡಿಗರು 2001ರಲ್ಲಿ ಕೊಟ್ಟ ಚಿತ್ರದಲ್ಲಿ ಎಲ್ಲ ಮೊಳಕೆಗಳೂ ಚಿಕ್ಕವೇ; ಮೋಡದ ನಡುಮಧ್ಯೆ ಕೂತ ಅದೃಷ್ಟವಂತ ಮೊಳಕೆ ದೂರದ ಅನಿಲವನ್ನೂ ಬಾಚಿಕೊಂಡು ದೊಡ್ಡದಾಗುತ್ತದೆ. ಅಲ್ಮಾದ ಇತ್ತೀಚಿನ ಚಿತ್ರಗಳಲ್ಲಿ ತಿರುಳುಗಳಿಗೆ ಹೊರಗಿನಿಂದ ಅನಿಲದ ಎಳೆಗಳು ಹರಿದುಬರುವುದು ಎಷ್ಟೋ ಕಡೆ ಕಾಣುತ್ತದೆ. ನನ್ನ ಒಲವು ಎರಡನೆಯದರ ಕಡೆ, ಆದರೆ ಸುತ್ತಲಿನಿಂದ ಎಷ್ಟೇ ಬಂದರೂ ಕೊನೆಯ ಹೆಜ್ಜೆ ತಟ್ಟೆಯ ಮೂಲಕವೇ ಎಂಬುದರಲ್ಲಿ ಎರಡೂ ಕಡೆಯವರಿಗೆ ತಕರಾರಿಲ್ಲ. 2023ರ ನವೆಂಬರಿನಲ್ಲಿ ಅನ್ನಾ ಮಕ್ಲೌಡ್ ತಂಡ ದೊಡ್ಡ ಮೆಜೆಲಾನಿಕ್ ಮೋಡದಲ್ಲಿ, 1.6 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ, ಭಾರೀ ಎಳೆ ನಕ್ಷತ್ರವೊಂದರ ಸುತ್ತುವ ತಟ್ಟೆಯನ್ನು ಪ್ರಕಟಿಸಿತು. ಬೇರೊಂದು ಗೆಲಾಕ್ಸಿಯಲ್ಲಿ ಇಂಥ ತಟ್ಟೆ ಕಂಡದ್ದು ಅದೇ ಮೊದಲು. ಅದರ ಸುಳಿವು ಕೊಟ್ಟದ್ದು ಕೂಡ ಮೊದಲೇ ಕಂಡಿದ್ದ ಧಾರೆ.

ಇದು ದೂರದ ವಿಚಾರವೆಂದು ಓದುಗರು ಭಾವಿಸಬಾರದು. ನಮ್ಮ ರೈತರು ಜೂನ್ ಕೊನೆಯ ಮಳೆಯನ್ನು ಕರೆಯುವುದು ಆರಿದ್ರಾ ನಕ್ಷತ್ರದ ಹೆಸರಿನಿಂದ. ಆ ಆರಿದ್ರಾ, ಅಂದರೆ ಬೀಟಲ್‌ಜ್ಯೂಸ್, ಸೂರ್ಯನ ಹದಿನೈದಿಪ್ಪತ್ತು ಪಟ್ಟು ದ್ರವ್ಯರಾಶಿಯೊಂದಿಗೆ ಹುಟ್ಟಿ, ಕೋಟಿ ವರ್ಷದೊಳಗೇ ಮುಪ್ಪು ಮುಟ್ಟಿದ ನಕ್ಷತ್ರ. ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಇಂಥ ನಕ್ಷತ್ರಗಳ ಒಡಲಲ್ಲಿ ತಯಾರಾದದ್ದು.

ವಿಜ್ಞಾನ ಪದವಿ ಓದುತ್ತಿರುವ ಎಳೆಯರಲ್ಲಿ ಒಂದು ವಿನಂತಿ. ಅಲ್ಮಾ, ವೆರಿ ಲಾರ್ಜ್ ಅರೇ ಮತ್ತು ಜಿಎಂಆರ್‌ಟಿಯ ದತ್ತಾಂಶಗಳು ವೀಕ್ಷಕರಿಗೆ ಮೀಸಲಾದ ಅವಧಿ ಮುಗಿದ ಮೇಲೆ ಎಲ್ಲರಿಗೂ ತೆರೆದಿರುತ್ತವೆ. ಅವನ್ನು ಸಂಸ್ಕರಿಸುವ ‘ಕಾಸಾ’ ತಂತ್ರಾಂಶ ಉಚಿತ. ವೀಕ್ಷಣೆಗೂ ದೂರದರ್ಶಕದ ಬಳಿಯೇ ಇರಬೇಕೆಂದಿಲ್ಲ: ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿರುವ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯಿಂದ. ಮುಂದಿನ ಸ್ಫೋಟ ಯಾವ ಎಳೆ ನಕ್ಷತ್ರದಲ್ಲಿ ಎಂಬುದು ಮೊದಲೇ ತಿಳಿಯುವಂಥದಲ್ಲ, ಆದ್ದರಿಂದ ಕಾಯುವ ಕಣ್ಣುಗಳು ಹೆಚ್ಚು ಬೇಕು. ಭೌತವಿಜ್ಞಾನ ಬಲ್ಲ, ಕಂಪ್ಯೂಟರಿನ ಮುಂದೆ ತಾಳ್ಮೆಯಿಂದ ಕೂರಬಲ್ಲ ಯಾರೇ ಆದರೂ ಈ ಕೆಲಸಕ್ಕೆ ಕೈಹಾಕಬಹುದು, ದಯವಿಟ್ಟು ಹಾಕಿ.